ಚರ್ಚಿನ ಗಂಟೆ ಕೆಳಗಿಳಿದ ವಾರ

ರಾಯಪುರಂ, ಚೆನ್ನೈ
17 ನವೆಂಬರ್ 2024

ಆತ್ಮೀಯ ಜಯಪ್ರಕಾಶರಿಗೆ ಹರಿಹರನ ನಮಸ್ಕಾರಗಳು.

ನಿಮ್ಮ ಎರಡೂ ಕಾಗದ ತಲುಪಿ ನಾಲ್ಕು ತಿಂಗಳಾಯಿತು. ಬೈದುಕೊಳ್ಳಿ. ರೈಲ್ವೆಯಿಂದ ನಿವೃತ್ತನಾದವನು ಪುರುಸೊತ್ತಿಲ್ಲ ಎಂದರೆ ನೀವು ನಗುತ್ತೀರಿ, ಹಾಗಾಗಿ ಆ ಸುಳ್ಳನ್ನು ಹೇಳುವುದಿಲ್ಲ. ಆಪರೇಷನ್ ಆದ ಕಣ್ಣು ಈಗ ಹೇಗಿದೆ?

ನೀವು ಕೆ.ಜಿ.ಎಫ್.ಗೆ, ಮಗಳ ಮನೆಗೆ ಹೋದ ಮೇಲೆ ಈ ಬೀದಿಯಲ್ಲಿ ನನ್ನೊಡನೆ ಕನ್ನಡ ಮಾತಾಡುವವರೇ ಇಲ್ಲ. ನಮ್ಮ ಮನೆಯಾಕೆ ವಾಸಂತಿ ತೀರಿಕೊಂಡಾಗ ನೀವಾದರೂ ಇದ್ದಿರಿ. ಬೆಳಿಗ್ಗೆ ಗಂಟೆ ಬಾರಿಸಿ ನೇರ ನಮ್ಮ ಮನೆಗೆ ಬಂದು "ಏನ್ ಸಾರ್, ಕಾಪಿ ಆಯ್ತಾ?" ಎನ್ನುತ್ತಿದ್ದಿರಿ. ಈಗ ಚರ್ಚಿನಲ್ಲಿ ಸ್ಪೀಕರ್ ಹಚ್ಚಿ ಯಾವುದೋ ಊರಿನ ಗಂಟೆಯ ರೆಕಾರ್ಡು ಹಾಕುತ್ತಾರೆ. ಅದು ಮುಗಿದ ಮೇಲೆ ಯಾರೂ ಬರುವುದಿಲ್ಲ. ತುಂಬ ಒಂಟಿ ಅನ್ನಿಸುತ್ತದೆ.

ಗುರುವಾರ ನಿಮ್ಮ ಗಂಟೆಯನ್ನು ಕೆಳಗಿಳಿಸಿದರು. ಹಸಿರು ಬಣ್ಣ ಕೆರೆದಾಗ 1889 ಎಂದು ಕಂಡಿತು. ನೂರು ವರ್ಷದ್ದು ಎನ್ನುತ್ತಿದ್ದಿರಲ್ಲ, ಇನ್ನೂ ಮೂವತ್ತೈದು ಸೇರಿಸಿಕೊಳ್ಳಿ. ಬಂದರಿನ ಕೂಲಿಯವರು ಹಡಗಿನಿಂದ ಇಳಿಸಿ ಹೆಗಲ ಮೇಲೆ ಹೊತ್ತು ತಂದದ್ದಂತೆ. ಅಂಚಿನಿಂದ ಒಂದು ಗೇಣು ಮೇಲಕ್ಕೆ ಬಿರುಕು ಹೋಗಿದೆ. ನಾನು ಕೈಯಿಟ್ಟು ನೋಡಿದೆ.

ಗಂಟೆ ಎರಕ ಹೊಯ್ಯುವ ಕುಂಭಕೋಣದ ಕಡೆಯ ಆಸಾರಿ ಪರೀಕ್ಷಿಸಲು ಬಂದಿದ್ದ. "ಗಂಟೆ ಉಯ್ಯಾಲೆ ತರಹ ಆಡ್ಬೇಕು ಸಾರ್. ಮೇಲಿನ ಚಕ್ರಕ್ಕೆ ಹಗ್ಗ ಕಟ್ಟೋದು ಅದಕ್ಕೇ. ಇಲ್ಲಿ ಯಾರೋ ಒಳಗಿನ ನಾಲಿಗೆಗೇ ಕಟ್ಟಿ ಎಳೆದಿದ್ದಾರೆ. ಹೊಡೆದ ಮೇಲೂ ಅದು ಒತ್ಕೊಂಡೇ ಇರತ್ತೆ. ಬಿರಿಯದೆ ಇನ್ನೇನು?" ಎಂದು ತಮಿಳಿನಲ್ಲಿ ಹೇಳಿದ. ಫಾದರ್ ನಿಟ್ಟುಸಿರು ಬಿಟ್ಟು, "ಪಾಪ ಜಯಪ್ರಕಾಶ್. ನಲವತ್ತು ವರ್ಷ ಬಾರಿಸಿ ಕೊನೆಗೆ ಹಗ್ಗ ಎಲ್ಲಿ ಕಟ್ಟಬೇಕೆಂದೇ ಮರೆತುಬಿಟ್ಟ" ಎಂದರು. ಗಂಟೆಯನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯುತ್ತಾರೆ. ಬಾರಿಸಲು ಬೇರೆಯವರನ್ನು ಹುಡುಕುತ್ತಾರಂತೆ.

ಮಗಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ನಿಮ್ಮ ದೇವರೂ ನಮ್ಮ ದೇವರೂ ಸೇರಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವನೇ,
ಹರಿಹರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀವು ಕಣ್ಣಿನ ಆಪರೇಷನ್ನಿಗೆ ಕೀಲ್ಪಾಕಿನ ಆಸ್ಪತ್ರೆಗೆ ಹೋದಾಗ ಒಂದು ವಾರ ಗಂಟೆ ನನಗೆ ಒಪ್ಪಿಸಿದಿರಿ. ಮೂರನೆಯ ದಿನಕ್ಕೆ ನನ್ನ ಭುಜ ಹಿಡಿದುಕೊಂಡಿತು. ಚಕ್ರ ಎಳೆಯಲಾಗದೆ, ಏಣಿ ಹತ್ತಿ ಹಗ್ಗವನ್ನು ನಾಲಿಗೆಗೆ ಕಟ್ಟಿದವನು ನಾನು. ಬಿಚ್ಚಲು ಮರೆತೆ. ನೀವು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವರು ಮೇಲೆ ನೋಡದೆ ಭಾನುವಾರದ ಪೂಜೆಗೆ ಎಳೆದಿರಿ. ಫಾದರಿಗೆ ಹೇಳಿಬಿಡೋಣವೆಂದು ಈ ವಾರ ಎರಡು ಸಲ ಚರ್ಚಿನ ಮೆಟ್ಟಿಲವರೆಗೆ ಹೋಗಿ ವಾಪಸು ಬಂದೆ. ಆ ಭಾನುವಾರ ಗಂಟೆ ಒಡಕು ದನಿ ಮಾಡಿದಾಗ ಎಲ್ಲರೂ ತಿರುಗಿ ನಿಮ್ಮನ್ನು ನೋಡಿದರು. ಅವರ ಜೊತೆ ನಿಂತು ನಾನೂ ನಿಮ್ಮನ್ನೇ ನೋಡಿದೆ.