ಮಾಳಿಗೆಯ ಮೇಲೆ ಒಂದು ಗಾದಿ

ಮೇ 24, ಶನಿವಾರ

ಅಕ್ಷರ ಸೊಟ್ಟ. ತಪ್ಪೂ ಬಹಳ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇದು, ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ. ಓದುವವರು ಯಾರೂ ಇಲ್ಲ. ಆದರೂ ಮೊದಲೇ ಹೇಳಿಬಿಟ್ಟರೆ ಬರೆಯಲು ಧೈರ್ಯ ಬರುತ್ತದೆ.

ಬೆಳಿಗ್ಗೆ ಎದ್ದವಳೇ ಮಗ ಇಸ್ರಾರನ ಗಾದಿಯ ಮೇಲೆ ಕೈ ಆಡಿಸಿದೆ. ಒದ್ದೆ. ನಡುರಾತ್ರಿ ಎಬ್ಬಿಸಲು ನನಗೇ ಎಚ್ಚರವಾಗಿರಲಿಲ್ಲ. ಅವನಿಗೆ ಎಚ್ಚರವಾಗಿತ್ತು, ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆ ಅದುರುತ್ತಿತ್ತು. ಗಾದಿ ಸುತ್ತಿ ಮಾಳಿಗೆಗೆ ಒಯ್ದು, ಗಿರಾಕಿಗಳ ಗಾದಿಗಳ ನಡುವೆ ಬಿಸಿಲಿಗೆ ಹಾಕಿದೆ. ಗಾದಿ ಹೊಲಿಯುವವರ ಮನೆಯ ಮಾಳಿಗೆಯಲ್ಲಿ ಒಂದು ಗಾದಿ ಹೆಚ್ಚಿಗೆ ಒಣಗಿದರೆ ಯಾರು ಕೇಳುತ್ತಾರೆ? ಹತ್ತು ವರ್ಷ ತುಂಬಿದೆ ಅವನಿಗೆ. ಇದು ಅವನಪ್ಪನಿಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ.

ಕೆಳಗಿಳಿದಾಗ ಕ್ರಾಂತಿಕುಮಾರ್ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಹತ್ತಿ ಹಿಂಜುವ ಮಷೀನಿನ ಸದ್ದಿನಲ್ಲಿ ಅವರ ಮಾತು ಕೇಳಲಿಲ್ಲ. ಇವರು ಮಷೀನು ನಿಲ್ಲಿಸಿದರು.

"ಅಮ್ಜದ್ ಭಾಯ್, ನಿಮ್ಮ ಹುಡುಗ ಪಾಸಾಗ್ಯಾನ್ರೀ! ಸೈನಿಕ ಶಾಲಿ! ನಮ್ಮ ಕೋಚಿಂಗಿನಾಗ ಇವನೊಬ್ನೇ!"

ಇವರ ಮೀಸೆ, ರೆಪ್ಪೆ, ಎಲ್ಲಾ ಹತ್ತಿ. ಹಾಗೇ ಮೇಷ್ಟ್ರನ್ನು ಅಪ್ಪಿಕೊಂಡರು. ಮೇಷ್ಟ್ರ ಅಂಗಿಯೂ ಬೆಳ್ಳಗಾಯಿತು. ನಾನು ಬಾಗಿಲ ಮರೆಯಲ್ಲೇ ನಿಂತೆ. ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿದ್ದವು, ಒಂದೂ ಕೆಳಗೆ ಇಳಿಯುತ್ತಿರಲಿಲ್ಲ... ನೋಡುತ್ತಾ ನಿಂತುಬಿಟ್ಟೆ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಮೇ 26, ಸೋಮವಾರ

ಇಸ್ರಾರನಿಗೆ ಮಿಲಿಟರಿ ಹುಚ್ಚು ಹತ್ತಿದ್ದು ಬಸ್ ಸ್ಟ್ಯಾಂಡಿನಲ್ಲಿ. ಹೋದ ವರ್ಷ ಹರಪನಹಳ್ಳಿಗೆ ಹೊರಟಿದ್ದೆವು. ರಜೆ ಮುಗಿಸಿ ಹೊರಟ ಸೈನಿಕನೊಬ್ಬ ಟ್ರಂಕಿನ ಮೇಲೆ ಕೂತಿದ್ದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು. ಇಸ್ರಾರ ಅದನ್ನೇ ನೋಡಿದ. "ನಂಗೂ ಅಂಥಾ ಟ್ರಂಕು ಬೇಕಮ್ಮ." ಟ್ರಂಕು ಕೊಡಿಸುತ್ತೇನೆ ಅಂದೆ. "ಹಂಗಲ್ಲ. ಮಿಲಿಟರಿಯವ್ರದ್ದು." ಅಷ್ಟೇ. ಅಲ್ಲಿಂದ ಪುಸ್ತಕ ಕೆಳಗಿಡಲಿಲ್ಲ.

ಮೇಷ್ಟ್ರು ಇವತ್ತು ಮತ್ತೆ ಬಂದರು. ಇನ್ನು ಮೆಡಿಕಲ್ ಇದೆಯಂತೆ. ಕಣ್ಣು, ಕಿವಿ, ಪಾದ ನೋಡುತ್ತಾರಂತೆ. ಏನೋ ನೆನಪಾಗಿ ನಕ್ಕರು. "ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳೋ ಹುಡುಗ್ರನ್ನ ವಾಪಸ್ ಕಳಸ್ತಾರಂತ್ರೀ. ನಮ್ಮವಂಗ ಅದೆಲ್ಲಿಂದ, ಹುಲಿ ಅದಾನ!"

ಇವರೂ ನಕ್ಕರು. ಅತ್ತೆಯೂ ನಕ್ಕರು. ಇಸ್ರಾರ ನಗಲಿಲ್ಲ, ನನ್ನ ಕಡೆ ನೋಡಿದ. ನಾನು ಕಪ್ಪು ತೊಳೆಯಲು ಎದ್ದೆ.

ನನ್ನ ಬಾಯಲ್ಲಿರುವ ಒಂದೇ ಮಾತು. ಅದನ್ನು ಆಡಿದರೆ ಅವನು ಮನೆಯಲ್ಲೇ ಉಳಿಯುತ್ತಾನೆ.

ಜೂನ್ 12, ಗುರುವಾರ

ಮೆಡಿಕಲ್ಲಿಗೆ ಹೋಗಿ ಬಂದೆವು. ಉದ್ದನೆಯ ಕೋಣೆ, ಸಾಲಾಗಿ ಹುಡುಗರು, ಬರೀ ಚಡ್ಡಿಯಲ್ಲಿ. ಎಲ್ಲರ ಪಕ್ಕೆಲುಬೂ ಕಾಣುತ್ತಿದ್ದವು. ನಮ್ಮವನು ಎದೆ ಉಬ್ಬಿಸಿ ಉಸಿರು ಬಿಗಿಹಿಡಿದು ನಿಂತಿದ್ದ.

ಡಾಕ್ಟರು ಕೇಳಿದರು, "ಹುಡುಗಂಗ ಏನಾರ ತೊಂದ್ರಿ ಐತೇನ್ರೀ? ಮೂರ್ಛೆ, ಉಬ್ಬಸ, ರಾತ್ರಿ ಹಾಸಿಗಿ ಒದ್ದಿ ಮಾಡೋದು..."

"ಏನೂ ಇಲ್ರೀ ಸರ್," ಅಂದರು ಇವರು. ಇವರ ಮಟ್ಟಿಗೆ ಅದು ನಿಜ.

"ತಾಯಿ, ನೀವ್ ಹೇಳ್ರಿ?"

ಹೊರಗಿನವರ ಮುಂದೆ ನನಗೆ ದನಿ ಹೊರಡುವುದಿಲ್ಲ. ಇವತ್ತು ದನಿ ಗಂಟಲ ತನಕ ಬಂತು. ನಿಜ ಹೇಳಬೇಕು ಎಂದು ಬಂತೋ, ಮಗ ನನ್ನ ಹತ್ತಿರವೇ ಇರಲಿ ಎಂದು ಬಂತೋ, ನನಗೇ ತಿಳಿಯಲಿಲ್ಲ. ಇಸ್ರಾರ ಇನ್ನೂ ಉಸಿರು ಬಿಟ್ಟಿರಲಿಲ್ಲ. ತಲೆ ಅಡ್ಡ ಆಡಿಸಿದೆ. ಡಾಕ್ಟರು ಮುಂದಿನ ಹುಡುಗನನ್ನು ಕರೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ. ದೊಡ್ಡವನಾದ ಮೇಲೆ ಹಾಗೆ ಮಲಗಿದ್ದೇ ಇಲ್ಲ.

ಜುಲೈ 3, ಗುರುವಾರ

ಸೀಟು ಸಿಕ್ಕಿತು.

ನನ್ನ ತವರು ಹಂಪಸಾಗರ ಕನಸಿನಲ್ಲಿ ಬಂದಿತ್ತು. ಹಿನ್ನೀರು ತುಂಬಿ ನಿಂತಿದೆ. ನೀರಿನ ಮೇಲೆ ಹುಡುಗರು ಪರೇಡ್ ಮಾಡುತ್ತಿದ್ದಾರೆ. ಲೆಫ್ಟ್ ರೈಟ್, ಲೆಫ್ಟ್ ರೈಟ್... ಯಾರ ಬೂಟಿಗೂ ನೀರು ತಾಗುತ್ತಿಲ್ಲ. ನಡುವಿನಲ್ಲಿ ಇಸ್ರಾರ. ಅವನ ಬೂಟಿನಿಂದ ಮಾತ್ರ ನೀರು ಸೋರುತ್ತಿದೆ. ನಾನು ದಡದಲ್ಲಿ ಒಣ ಬಟ್ಟೆ ಹಿಡಿದು ಓಡುತ್ತೇನೆ, ದಡವೂ ನನ್ನ ಜೊತೆ ಓಡುತ್ತದೆ. ಎದ್ದಾಗ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಇವರು ಒಳ್ಳೆಯ ಹತ್ತಿ ತೆಗೆದು ಮಗನಿಗೆ ಗಾದಿ ಹೊಲಿಯುತ್ತಿದ್ದಾರೆ. ಬೇಡವೇನೋ ಅಂದೆ. ಅತ್ತೆ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಬೈದರು.

"ಏನಂತಿ ಸಿಮ್ರಾನ? ಪಿಂಜಾರ್ರ ಮನಿ ಹುಡುಗ ಪರಮಂದಿ ಗಾದಿ ಮ್ಯಾಲ ಮಲಗ್ತಾನೇನ? ನಾನು ಲಗ್ನ ಆಗಿ ಬರೋವಾಗ ಗಾದಿ ತಂದೆ. ನೀನೂ ತಂದಿ. ಊರು ಬಿಡೋವಾಗ ಗಾದಿ ಇಲ್ದ ಹೊಂಟೋರು ನಮ್ಮೊಳಗ ಯಾರೂ ಇಲ್ಲ."

"ಅವಂದೇನು ಲಗ್ನ ಅಲ್ಲಲ್ಲತ್ತಿ."

"ಗಾದಿಗೇನ್ ಗೊತ್ತಾಗ್ತತಿ, ಹೊಲಿ ಸುಮ್ನ."

ದಬ್ಬಣ ಹಿಡಿದು ನಾನೂ ಕೂತೆ. ಇವರು ಆ ತುದಿಯಿಂದ, ನಾನು ಈ ತುದಿಯಿಂದ. ಇವರು ಹಾಡು ಗುನುಗುತ್ತಿದ್ದರು. ನಡುವಿನಲ್ಲಿ ಕೈ ಕೈ ತಾಗಿದಾಗ, "ನನ್ನ ಮಗನ ಕೈಗೆ ಈ ದಬ್ಬಣ ಬರಂಗಿಲ್ಲ ನೋಡು," ಅಂದರು. ಕಣ್ಣು ತುಂಬಿದ್ದವು. ಇವರಿಗೆ ಆಗಲೂ ಹೇಳಲಾಗಲಿಲ್ಲ.

ಜುಲೈ 12, ಶನಿವಾರ

ಬಿಟ್ಟು ಬಂದೆವು.

ಬಸ್ ಹತ್ತುವಾಗ ಕಂಡಕ್ಟರು ಗಾದಿ ನೋಡಿ ನಕ್ಕ. "ಏನ್ ಸಾಬ್ರ, ಯಾರ ಲಗ್ನ?"

"ಲಗ್ನ ಅಲ್ರೀ, ಮಗ ಮಿಲಿಟರಿ ಶಾಲಿಗೆ ಹೊಂಟಾನ."

"ಮಿಲಿಟರಿಗೆ ಗಾದಿ ತಗೊಂಡು ಹೋಗೋರ್ನ ಇವತ್ತೇ ನೋಡಿದ್ದು ಬಿಡ್ರಿ! ಯುದ್ಧದಾಗ ಮಲಗಾಕೇನು?"

ಬಸ್ಸೆಲ್ಲ ನಕ್ಕಿತು. ಇಸ್ರಾರ ಟ್ರಂಕಿನ ಮೇಲೆ ಬರೆಸಿದ ಹೆಸರನ್ನು ಬೆರಳಿನಿಂದ ಮತ್ತೆ ಮತ್ತೆ ಬರೆಯುತ್ತಿದ್ದ.

ಗೇಟಿನಲ್ಲಿ ಕಾವಲಿನವನು ಟ್ರಂಕನ್ನು ಒಳಗೆ ಬಿಟ್ಟ, ಗಾದಿಯನ್ನು ಬಿಡಲಿಲ್ಲ. "ಇಲ್ಲಿ ಎಲ್ಲರಿಗೂ ಒಂದೇ ನಮೂನಿ ಹಾಸಿಗಿ ರೀ. ಮನಿಯದು ನಡಿಯಂಗಿಲ್ಲ." ಇವರು ಗಾದಿ ಹೆಗಲ ಮೇಲಿಟ್ಟುಕೊಂಡೇ ಮಗನಿಗೆ ಸೆಲ್ಯೂಟ್ ಹೊಡೆದರು. ಅವನೂ ಹೊಡೆದ. ಆಮೇಲೆ ತಿರುಗಿ ನನ್ನ ಕಡೆ ಬಂದು, ಕಿವಿಯ ಹತ್ತಿರ, "ಅಮ್ಮಾ, ನಾನು ಏನೂ ಆಗದಂಗ ನೋಡ್ಕೋತೀನಿ," ಅಂದ.

ಅಷ್ಟು ಚಿಕ್ಕವನು. ಹೇಗೆ ನೋಡಿಕೊಳ್ಳುತ್ತಾನೆ? ನಿದ್ದೆಯಲ್ಲಿ ಆಗುವುದನ್ನು...

ಜುಲೈ 20, ಭಾನುವಾರ

ವಾರಕ್ಕೊಮ್ಮೆ ಫೋನು. ಹುಡುಗರನ್ನು ನೋಡಿಕೊಳ್ಳುವ ಮೇಟ್ರನ್ ತಮ್ಮ ಮೊಬೈಲು ಕೊಡುತ್ತಾರೆ. ಒಬ್ಬೊಬ್ಬರೇ ಸಾಲಿನಲ್ಲಿ ಬಂದು ಮಾತಾಡಬೇಕು. ಇವರು ಪರೇಡ್, ಬೂಟು, ಊಟ, ಎಲ್ಲ ಕೇಳಿ ನನಗೆ ಕೊಟ್ಟರು. ಫೋನು ಹಿಡಿದು ಮಾಳಿಗೆಗೆ ಹೋದೆ.

"ಊಟ ಮಾಡ್ತೀಯೇನಪ್ಪ?"

"ಹೂಂ."

"ನಿದ್ದಿ?"

ಹಿಂದೆ ಹುಡುಗರ ಗದ್ದಲ. ಆಮೇಲೆ ದನಿ ತಗ್ಗಿಸಿ, "ನಾನು ಮಲಗಂಗಿಲ್ಲಮ್ಮ. ಎಲ್ಲಾರೂ ಮಲಗಿದ ಮ್ಯಾಲ ಎದ್ದು ಕುಂದರ್ತೀನಿ. ಒಮ್ಮಿನೂ ಆಗಿಲ್ಲ."

"ಹಂಗಂದ್ರ... ದಿನಾನೂ?"

"ಕ್ಲಾಸಿನಾಗ ಸ್ವಲ್ಪ ನಿದ್ದಿ ಬರ್ತತಿ. ನಿನ್ನೆ ಪರೇಡಿನಾಗ ಬಿದ್ದೆ. ಜಾಸ್ತಿ ಏನಿಲ್ಲ. ಯಾರಿಗೂ ಹೇಳಬ್ಯಾಡಮ್ಮ. ನನ್ನಾಣಿ."

ಫೋನು ಮುಂದಿನ ಹುಡುಗನ ಕೈಗೆ ಹೋಯಿತು.

ಇವರಿಗೆ ಹೇಳಿದೆ. ಮೊದಲಿನಿಂದ ಎಲ್ಲವನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಹೇಳಿದ್ರ ಮನಿಗೆ ಕಳಸ್ತಾರ," ಅಂದರು. ಆಮೇಲೆ, "ಹೇಳದಿದ್ರ?" ಅಂದರು.

ಮೊದಲು ಇದೇ ಮಾತಿನಿಂದ ಅವನನ್ನು ಉಳಿಸಿಕೊಳ್ಳಬೇಕು ಅನಿಸಿತ್ತು. ಈಗ ಇದೇ ಮಾತಿನಿಂದ ಅವನನ್ನು ವಾಪಸ್ ಕಳಿಸಿಬಿಟ್ಟರೆ ಎಂದು ಹೆದರುತ್ತಿದ್ದೇನೆ.

ಜುಲೈ 21, ಸೋಮವಾರ, ಬೆಳಿಗ್ಗೆ

ಮಷೀನು ಶುರುವಾಗುವ ಮೊದಲೇ ಫೋನು ತೆಗೆದೆ. ನಿನ್ನೆ ಬಂದ ನಂಬರಿಗೇ ಮಾಡಿದೆ. ಇವರು ಎದುರಿಗೇ ನಿಂತಿದ್ದರು. ನಾನು ಮಾಡುತ್ತೇನೆ ಕೊಡು ಅಂದರು, ಕೊಡಲಿಲ್ಲ.

"ಹಲೋ, ಯಾರ್ರೀ?"

ನಾನು ಇಸ್ರಾರನ ತಾಯಿ, ಕೊಟ್ಟೂರಿನಿಂದ ಅಂದೆ. ಮೆಡಿಕಲ್ಲಿನಲ್ಲಿ ಹೇಳದೇ ಉಳಿದದ್ದು ಹೇಳಿದೆ. ಮಗು ರಾತ್ರಿ ಎದ್ದು ಕೂರುವುದನ್ನೂ ಹೇಳಿದೆ. ಇಷ್ಟು ಮಾತು ಒಬ್ಬ ಗುರುತಿಲ್ಲದವರ ಹತ್ತಿರ ನಾನು ಯಾವತ್ತೂ ಆಡಿಲ್ಲ.

ಮೇಟ್ರನ್ ಹೆಣ್ಣುಮಗಳು, "ಅದಕ್ಕೇನ್ರೀ ಹುಡುಗನ ಕಣ್ಣು ಕೆಂಪಗ ಇರ್ತಾವ," ಅಂದರು.

"ಮನಿಗೆ ಕಳಸ್ತೀರೇನ್ರೀ?"

"ಅದನ್ನ ನಾನು ಹೇಳಾಕ ಬರಂಗಿಲ್ಲಮ್ಮ. ಡಾಕ್ಟರು ನೋಡ್ಬೇಕು, ಸಾಹೇಬ್ರು ನೋಡ್ಬೇಕು. ಮದಲ ಹುಡುಗ ಮಲಗ್ಲಿ. ಇವತ್ತಿಂದ ನಡುರಾತ್ರಿ ನಾನೇ ಎಬ್ಬಿಸ್ತೀನಿ. ನೀವು ಹೆಂಗ ಎಬ್ಬಸ್ತಿದ್ರಿ? ಹೇಳ್ರಿ."

ಹೆಸರು ಹಿಡಿದು ಕೂಗಬೇಡಿರಿ, ಬೆದರುತ್ತಾನೆ ಅಂದೆ. ಅಂಗಾಲಿಗೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇರಿ. ಬೆರಳು ಮಡಚುತ್ತಾನೆ. ಆಮೇಲೆ ಮೆಲ್ಲಗೆ ತಾನೇ ಕಣ್ಣು ಬಿಡುತ್ತಾನೆ, ಅಂದೆ.