ಒಂದೂವರೆ ಅಡಿಯ ಬೇಲಿ

ಅಣ್ಣ ಬಸವಂತರಾಯನಿಗೆ,

ಶರಣು. ಇಲ್ಲಿಯವರೆಗೆ ನಿನಗೆ ಬರೆದ ಕಾಗದಗಳಲ್ಲೆಲ್ಲ ‘ತೀರ್ಥರೂಪ ಸಮಾನ’ ಎಂದು ಹಾಕುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಎರಡು ಓಣಿ ಆಚೆ ಇರುವವನಿಗೆ ಕಾಗದವೇಕೆ ಎಂದು ನಗಬೇಡ. ಎದುರಿಗೆ ಬಂದರೆ ನಾನು ಬೈಯುತ್ತೇನೆ, ನೀನು ನಿವಾಸಿಗಳ ಸಂಘದ ಅಧ್ಯಕ್ಷನ ದನಿಯಲ್ಲಿ ಸಮಾಧಾನ ಹೇಳುತ್ತೀಯ, ನನಗೆ ಅಳು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದದ ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ.

ಪಾರ್ಕಿನ ಗೇಟಿಗೆ ನೀನು ತೂಗುಹಾಕಿದ ಅಂಗಳದ ನಿಯಮಗಳನ್ನು ನಾನೂ ಓದಿದ್ದೇನೆ. ಕೊಂಬೆ ರಸ್ತೆಗೆ ಚಾಚಬಾರದು, ಎಲೆ ಗುಡ್ಡೆ ಹಾಕಬಾರದು, ಬೇಲಿ ಒಂದೂವರೆ ಅಡಿ ದಾಟಬಾರದು. ಮಳೆಗಾಲದಲ್ಲಿ ಹಾವು ಬಂದದ್ದು ನಿಜ. ಆದರೆ ಅದು ಬಂದದ್ದು ಮೂಲೆಯ ಖಾಲಿ ಪ್ಲಾಟಿನಿಂದ. ಅಲ್ಲಿ ಕಾಂಗ್ರೆಸ್ ಗಿಡ ಇಂದಿಗೂ ಎದೆಯುದ್ದ ನಿಂತಿದೆ. ಅದರ ಮಾಲೀಕ ಹೈದರಾಬಾದಿನಲ್ಲಿದ್ದಾನೆ, ನಿನ್ನ ಫೋನು ಎತ್ತುವುದಿಲ್ಲ. ಇನ್ನು ನಿನ್ನ ಅಂಗಳಕ್ಕೋ, ಗೋಡೆಯಿಂದ ಗೋಡೆಗೆ ಶಹಾಬಾದ್ ಕಲ್ಲು ಹಾಸಿಬಿಟ್ಟಿದ್ದೀಯ. ನಿಯಮ ಮುರಿಯಲು ಅಲ್ಲಿ ಒಂದು ಎಲೆಯೂ ಇಲ್ಲ.

ಗೊತ್ತಿಲ್ಲದವನ ಹಾಗೆ ನಡೆದುಕೊಂಡೆಯಲ್ಲ, ಅದಕ್ಕೇ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ. ಸಕ್ಕರೆ ಕಾಯಿಲೆ ನಮ್ಮ ಮನೆಯವರ ಎರಡೂ ಕಣ್ಣು ತಿಂದು ನಾಲ್ಕು ವರ್ಷವಾಯಿತು. ವಾಡಿ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಹಳಿಯ ಮೇಲೆ ಓಡಾಡಿದ ಮನುಷ್ಯ ಆರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಒಂದು ದಿನ ತಾವೇ ಮೆಟ್ಟಿಲಿಳಿದು ನಮ್ಮ ಮೆಹಂದಿ ಬೇಲಿಯ ಮೇಲೆ ಕೈಯಿಟ್ಟರು. ಬೇಲಿಯನ್ನು ಸವರುತ್ತ ಗೇಟಿನವರೆಗೆ, ಗೇಟಿನಿಂದ ರಸ್ತೆಯಂಚಿನ ಬೇಲಿ ಹಿಡಿದು ಬಾಬುಮಿಯಾನ ಚಹಾದಂಗಡಿಯವರೆಗೆ ಒಬ್ಬರೇ ಹೋಗಿಬಂದರು. ನೀನು ನಮ್ಮ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ನಿನ್ನ ಕಣ್ಣು ಒದ್ದೆಯಾಗಿತ್ತು. ಮರೆತು ಮಾಡಿದ್ದರೆ ಕ್ಷಮಿಸುತ್ತಿದ್ದೆ ಅಣ್ಣ. ನಿನಗೆ ಮರೆತಿರಲಿಲ್ಲ.

ಆ ಬೇಲಿಗೆ ನಾವು ಕತ್ತರಿ ಹಾಕಿದವರೇ ಅಲ್ಲ. ಪಂಚಮಿಗೆ ನಮ್ಮ ಹೆಣ್ಣುಮಕ್ಕಳು, ರಂಜಾನಿಗೆ ಎದುರುಮನೆಯ ಶಗುಫ್ತಾ ಮತ್ತವಳ ನಾದಿನಿಯರು ಮೆಹಂದಿಗೆಂದು ಚಿಗುರು ಕಿತ್ತು ಕಿತ್ತು ಅದು ಸೊಂಟದೆತ್ತರಕ್ಕೇ ನಿಂತಿತ್ತು. ಅಲ್ಲಲ್ಲಿ ಅದರ ದಪ್ಪ ಬೇರೆಬೇರೆ. ಎಲ್ಲಿ ತೆಳುವಾದರೆ ಗೇಟು ಬಂತು, ಎಲ್ಲಿ ಮುಳ್ಳು ತಾಕಿದರೆ ಚರಂಡಿ ಹತ್ತಿರವಾಯಿತು ಎಂದು ಇವರ ಅಂಗೈಗೆ ಗೊತ್ತಿತ್ತು.

ನಾನು ಚಿತ್ತಾಪುರಕ್ಕೆ ಬಸುರಿಯೊಬ್ಬಳ ಕುಬಸಕ್ಕೆ ಹೋದ ದಿನವನ್ನೇ ಹುಡುಕಿ ಬೇಲಿ ಕಡಿಯುವ ಮಷೀನು ಕಳಿಸಿದೆ. ಸದ್ದು ನಿಂತ ಮೇಲೆ ಇವರು ಎಂದಿನಂತೆ ಹೊರಗೆ ಬಂದು ಕೈ ಚಾಚಿದ್ದಾರೆ. ಕೈಗೆ ಏನೂ ಸಿಗಲಿಲ್ಲ. ಇನ್ನೂ ಬಗ್ಗಿದ್ದಾರೆ, ಕಡಿದ ಮೋಟುಗಳ ಮೇಲೆ ಬಿದ್ದಿದ್ದಾರೆ. ಶಗುಫ್ತಾ ಓಡಿಬಂದು ಎಬ್ಬಿಸಿದಳು. ಅಂದು ಸಂಜೆ ಪಾರ್ಕಿನ ಸಭೆಯಲ್ಲಿ ನೀನು ಹೇಳಿದ್ದನ್ನೂ ಅವಳೇ ಕೇಳಿಬಂದಳು: “ನಮ್ಮ ತಂಗಿ ಮನಿಂದೇ ಸುರು ಮಾಡೀನಿ. ಇನ್ನ ಯಾರೂ ಏನೂ ಅನಬ್ಯಾಡ್ರಿ.” ಎಲ್ಲರೂ ಚಪ್ಪಾಳೆ ಹೊಡೆದರಂತೆ. ನಿನ್ನ ನ್ಯಾಯ ಊರಿಗೆ ಕಾಣಲೆಂದು ಕಣ್ಣಿಲ್ಲದವನ ದಾರಿ ಕಡಿಸಿದೆ. ನಿನ್ನ ಒಳ್ಳೆಯ ಹೆಸರು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ಫೋನಿನಲ್ಲಿ ಏನೆಂದೆ? “ರೂಲ್ ಅಂದ್ರ ರೂಲ್ ಉಮಾ. ನಿನಗ ಬಿಟ್ರ ನನ್ನ ಮಾತ್ ಯಾರ್ ಕೇಳ್ತಾರ? ಕೈ ಹಿಡದು ಕರಕೊಂಡು ಹೋಗಾಕ ನೀ ಇದ್ದೀಯಲ್ಲ.” ಇದ್ದೇನೆ. ಆದರೆ ಇವರಿಗೆ ಬೇಕಾದದ್ದು ನನ್ನ ಕೈಯಲ್ಲ. ಮೊದಲು ನನ್ನ ಮೇಲೆ ಸಿಟ್ಟು ಬಂದರೆ ದಡಕ್ಕನೆ ಎದ್ದು ಹೋಗುತ್ತಿದ್ದರು, ಬಾಬುಮಿಯಾನ ಬಳಿ ನನ್ನನ್ನು ಬೈದು ಸಕ್ಕರೆಯಿಲ್ಲದ ಚಹಾ ಕುಡಿದು ಮರಳುತ್ತಿದ್ದರು. ಈಗ ಸಿಟ್ಟು ಬಂದರೂ ಹೊರಗೆ ಹೋಗಲು ನನ್ನನ್ನೇ ಕರೆಯಬೇಕು. ಕರೆಯುವುದಿಲ್ಲ, ಕುಳಿತೇ ಇರುತ್ತಾರೆ. ಹದಿನೈದು ದಿನವಾಯಿತು.

ಬೇಲಿ ಮತ್ತೆ ಬೆಳೆಯುತ್ತದೆ, ನಾನು ಬೆಳೆಸುತ್ತೇನೆ. ನೀನು ನೋಟಿಸು ಕಳಿಸಿದರೆ ಒಲೆಗೆ ಹಾಕುತ್ತೇನೆ. ಸೊಂಟದೆತ್ತರ ಬರಲು ಎರಡು ಮಳೆಗಾಲವಾದರೂ ಬೇಕು. ಅಷ್ಟು ದಿನ ಇವರ ಸಕ್ಕರೆ ಕಾಯಿಲೆ ಕಾಯುತ್ತದೆಯೋ ಇಲ್ಲವೋ, ಅದನ್ನು ನಿನ್ನ ನಿಯಮದ ಹಲಗೆಯಲ್ಲಿ ಬರೆದಿಲ್ಲ.

ಕಡಿಸಿದವರು ಯಾರೆಂದು ಇವರಿಗೆ ನಾನಿನ್ನೂ ಹೇಳಿಲ್ಲ. ಶಗುಫ್ತಾಳಿಗೂ ಬಾಬುಮಿಯಾನಿಗೂ ಬಾಯಿ ಬಿಡದಂತೆ ಹೇಳಿದ್ದೇನೆ. ನಿನ್ನೆ ಗಾಯದ ಪಟ್ಟಿ ಬದಲಿಸುವಾಗ ಇವರೇ ಅಂದರು: “ನಿಮ್ಮಣ್ಣಗ ಒಂದ್ ಮಾತ್ ಹೇಳು. ಅಧ್ಯಕ್ಷ ಅದಾನ. ಯಾರ್ ಕಡಿಸ್ಯಾರ ಅಂತ ಗೊತ್ತಾದ್ರ ಸುಮ್ಮನ ಬಿಡಂಗಿಲ್ಲ ಅವ.”

ಬಂದು ನೀನೇ ಹೇಳು. ಅದನ್ನು ಹೇಳುವವರೆಗೆ ಬೇರೆ ಯಾವ ಮಾತಿಗೂ ನಮ್ಮ ಮನೆಗೆ ಬರಬೇಡ. ನಿನ್ನ ಕಣ್ಣು ಕೊನೆಯತನಕ ಚೆನ್ನಾಗಿರಲಿ. ಆ ಮಾತು ಹೇಳುವಾಗ ಇವರ ಮುಖವನ್ನು ನೀನು ನೋಡಬೇಕು.

ಉಮಾದೇವಿ