ತುಂಬಿದ ಬಾಟಲಿಗಳು

ಮಾರ್ಚ್ 10, ಸೋಮವಾರ. ಬೆಳಿಗ್ಗೆ 6.20

ಎರಡನೇ ಲೋಟವೂ ಮುಗಿಯಿತು. ಜಾಲರಿ ನೋಡಿದೆ. ಏನೂ ಬಿದ್ದಿಲ್ಲ.

ಡಾಕ್ಟರ್ ಹೇಳಿದ್ದು: ದಿನಕ್ಕೆ ಮೂರು ಲೀಟರ್ ನೀರು. ಕುಡಿದದ್ದನ್ನೆಲ್ಲ ಬರೆದಿಡಿ. ಉಪ್ಪು ಕಡಿಮೆ. ಮೂತ್ರಕ್ಕೆ ಹೋದಾಗಲೆಲ್ಲ ಟೀ ಜಾಲರಿಯಲ್ಲಿ ಸೋಸಿ, ಕಲ್ಲು ಬಿದ್ದರೆ ಡಬ್ಬಿಯಲ್ಲಿ ಹಾಕಿ ತನ್ನಿ. ಕಿಡ್ನಿಯಿಂದ ಇಳಿದು ಎಡಗಡೆ ಮೂತ್ರನಾಳದಲ್ಲಿ ಸಿಕ್ಕಿದೆ, ಆರು ಎಂ.ಎಂ. ನಾಲ್ಕು ವಾರ ಕಾಯೋಣ, ತಾನೇ ಬೀಳಬಹುದು ಅಂದರು. ಚಳಿ ಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಹೊರಟು ಬನ್ನಿ ಅಂತ ಎರಡು ಸಲ ಹೇಳಿದರು. ಎರಡನೇ ಸಲ ಹೇಳುವಾಗ ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಆ ಜಾಲರಿಗೆ ನಮ್ಮನೆಯವರು ಕೆಂಪು ದಾರ ಕಟ್ಟಿದ್ದಾರೆ, ಮರೆತು ಟೀಗೆ ಬಳಸದಿರಲಿ ಅಂತ. ಗಾರ್ಮೆಂಟ್ಸ್‌ನಲ್ಲಿ ಮೂವತ್ತೆಂಟು ಜನರ ಲೈನ್ ನಡೆಸುವ ಸೂಪರ್‌ವೈಸರ್ ಶಶಿಕಲಾ ಮೇಡಂ, ಅಂದರೆ ನಾನು, ಬೆಳಗಾಗೆದ್ದು ಮಾಡುವ ಕೆಲಸ ಇದು.

ಇಲ್ಲಿಗೆ ಅರ್ಧ ಲೀಟರ್.

ಅದೇ ದಿನ, ಸಂಜೆ 7.30

ರಜೆಯ ನಂತರ ಮೊದಲ ಡ್ಯೂಟಿ. 'ಕೆಲಸದ ಕಡೆ ನೀರು ಕುಡಿಯಲ್ವಾ?' ಅಂತ ಡಾಕ್ಟರ್ ಕೇಳಿದ್ದಕ್ಕೆ 'ಟೈಮ್ ಸಿಗಲ್ಲ ಸಾರ್' ಅಂದಿದ್ದೆ. ಸುಳ್ಳು.

ಹಿರೇಹಳ್ಳಿಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ನನ್ನ ಲೈನ್‌ಗೆ ಒಂದೇ ಟೋಕನ್. ಮೊಳೆಗೆ ನೇತುಹಾಕಿದ ಹಳದಿ ಪ್ಲಾಸ್ಟಿಕ್ ಬಿಲ್ಲೆ. ಟಾಯ್ಲೆಟ್‌ಗೆ ಹೋಗುವವರು ಅದನ್ನು ಕುತ್ತಿಗೆಗೆ ಹಾಕಿಕೊಂಡು ಹೋಗಬೇಕು, ಅವರು ಬಂದಮೇಲೆ ಇನ್ನೊಬ್ಬರು. ಮೆಷಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕಿರುಬೆರಳು ಎತ್ತುತ್ತಾರೆ, ನಾನು ತಲೆಯಾಡಿಸಿದರೆ ಏಳುತ್ತಾರೆ. ಇದು ಮ್ಯಾನೇಜರ್ ತಂದದ್ದಲ್ಲ. ಮೂರು ವರ್ಷದ ಹಿಂದೆ ನಾನೇ ತಂದದ್ದು. ಆ ತಿಂಗಳು ಟಾರ್ಗೆಟ್ ದಾಟಿದೆವು, ಮೀಟಿಂಗಲ್ಲಿ ನನಗೆ ಚಪ್ಪಾಳೆ ತಟ್ಟಿದರು.

ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬೆಳಿಗ್ಗೆ ತುಂಬಿಸಿ ತಂದ ಬಾಟಲಿಗಳು ಸಂಜೆ ತುಂಬಿದ ಹಾಗೇ ವ್ಯಾನ್ ಹತ್ತುತ್ತಿದ್ದವು. ಅದನ್ನು ನೋಡಿ ಎಷ್ಟು ಹಿಗ್ಗಿದ್ದೇನೆ... ಲೈನ್ ಅಂದರೆ ಹೀಗಿರಬೇಕು ಅಂತ. ನಾನೂ ಕುಡಿಯುತ್ತಿರಲಿಲ್ಲ. ಎಲ್ಲರಿಗೂ ಮಾದರಿ ಆಗಬೇಕಲ್ಲ.

ಇವತ್ತು ಲೈನ್ ಮಧ್ಯೆ ನಿಂತು ಬಾಟಲಿ ಎತ್ತಿದೆ. ಒಂದೊಂದೇ ಮೆಷಿನ್ ನಿಂತಿತು. ಎಲ್ಲರೂ ನೋಡುತ್ತಿದ್ದರು. ಹದಿನೇಳನೇ ಮೆಷಿನ್ ಖಾಲಿ, ಆಗಸ್ಟ್‌ನಿಂದ ಅಲ್ಲಿ ಯಾರೂ ಕೂರುತ್ತಿಲ್ಲ. ಆದರೂ ಅಲ್ಲೊಂದು ಕಿರುಬೆರಳು ಎದ್ದದ್ದು ಕಂಡೆ.

ಬರೆದುಬಿಟ್ಟೆ. ಡಾಕ್ಟರ್‌ಗೆ ತೋರಿಸುವ ಮುಂಚೆ ಈ ಹಾಳೆ ಹರಿಯಬೇಕು.

ಮಾರ್ಚ್ 13, ಗುರುವಾರ. ಬೆಳಿಗ್ಗೆ 8

ಐದಕ್ಕೆ ಶುರುವಾಯಿತು. ಬೆನ್ನಿನ ಎಡಗಡೆಯಿಂದ ಹೊಟ್ಟೆಯ ಕೆಳಗೆ ಇಳಿಯುತ್ತದೆ. ಕೂತರೂ ಆಗದು, ಮಲಗಿದರೂ ಆಗದು. ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕಟ್ಟೆ ಹಿಡಿದುಕೊಂಡಿದ್ದೆ. ಎರಡು ಸಲ ವಾಂತಿ. ಮಾತ್ರೆ ಕೆಲಸ ಮಾಡಲು ಒಂದು ಗಂಟೆ ಬೇಕಾಯಿತು. ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ, ಇಂಥ ನೋವು ತಿಂದಿರಲಿಲ್ಲ.

ಅತ್ತೆ ಹನುಮಮ್ಮ ಕುಣಿಗಲ್‌ನಿಂದ ಬಂದಿದ್ದಾರೆ, ಚೀಲದ ತುಂಬ ಬಾಳೆದಿಂಡು, ಹುರುಳಿಕಾಳು. 'ಕುಡಿ ತಾಯಿ, ನಮ್ಮೂರಲ್ಲಿ ಎಷ್ಟೋ ಜನುಕ್ಕೆ ಕಲ್ಲು ಕರಗೈತೆ ಇದ್ರಲ್ಲಿ.' ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ. ಕುಡಿಯಿರಿ, ತೊಂದರೆಯಿಲ್ಲ, ಅದರಿಂದ ಕರಗುತ್ತೆ ಅಂತ ನಂಬಿ ಕೂರಬೇಡಿ, ನೀರೇ ಮುಖ್ಯ ಅಂದರು. 'ಬಿಯರ್ ತರ್ಲಾ? ಅದೂ ಔಷಧಿನೇ ಅಂತಾರೆ' ಅಂತ ನಮ್ಮನೆಯವರು. 'ನಿಮ್ಗೆ ಬೇಕಾದ್ರೆ ನಿಮ್ ಹೆಸ್ರಲ್ಲೇ ತನ್ನಿ' ಅಂದೆ. ಬಹಳ ದಿನದ ಮೇಲೆ ನಕ್ಕೆ.

ಆಮೇಲೆ ಬಾತ್‌ರೂಮಿನಲ್ಲಿ ಇರುವಾಗ, ಬಾಗಿಲ ಆಚೆ ಯಾರೋ ತನ್ನ ಸರದಿಗೆ ಕಾಯುತ್ತಾ ನಿಂತಿದ್ದಾರೆ ಅನ್ನಿಸಿತು. ಉಸಿರು ಕೇಳುತ್ತಿತ್ತು. 'ಬಂದೆ ಓಬಳಮ್ಮ' ಅಂದುಬಿಟ್ಟೆ. ಬಾಗಿಲು ತೆಗೆದರೆ ಹಾಲ್‌ನಲ್ಲಿ ನಮ್ಮನೆಯವರು. 'ಯಾರ್ನ ಕರೆದೆ?' ಅಂದರು. ಯಾರನ್ನೂ ಇಲ್ಲ ಅಂದೆ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 11

ನೀರಿನ ಲೆಕ್ಕ ಆಮೇಲೆ. ಇದನ್ನು ಬರೆಯದಿದ್ದರೆ ಅವಳು ಬಿಡುವುದಿಲ್ಲ.

ಓಬಳಮ್ಮ. ಗುಬ್ಬಿ ಕಡೆಯವಳು, ನನಗಿಂತ ಎರಡು ವರ್ಷ ಚಿಕ್ಕವಳು. ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೋದ ವರ್ಷ ಗೌರಿಹಬ್ಬಕ್ಕೆ ಮುಂಚೆ ದೊಡ್ಡ ಶಿಪ್‌ಮೆಂಟ್ ಇತ್ತು. ಗುರುವಾರ ಬಂದು, 'ಬೆನ್ನು ಬಾಳ ನೋಯ್ತದೆ ಮೇಡಂ, ಉರಿ ಬೇರೆ' ಅಂದಳು. ಮಾತ್ರೆ ಕೊಟ್ಟು ಕಳಿಸಿದೆ. ಶುಕ್ರವಾರ ನಡುಗುತ್ತಿದ್ದಳು. 'ಶಿಪ್‌ಮೆಂಟ್ ಮುಗೀಲಿ ಕಣೇ, ಸೋಮವಾರ ರಜ ತಗೊಳೀವಂತೆ' ಅಂದೆ. ಶನಿವಾರ ಮಧ್ಯಾಹ್ನ ಕಿರುಬೆರಳು ಎತ್ತಿದಳು. ಟೋಕನ್ ಮೊಳೆಯಲ್ಲೇ ಇತ್ತು. ನೋಡಿಯೂ ನೋಡದವಳ ಹಾಗೆ ತಿರುಗಿಕೊಂಡೆ.

ಭಾನುವಾರ ಮನೆಯಲ್ಲಿ ಬಿದ್ದಳು. ಸೋಮವಾರ ತುಮಕೂರಿನ ಆಸ್ಪತ್ರೆಯಲ್ಲಿ ಜೀವ ಹೋಯಿತು. ಕಲ್ಲು ಅಡ್ಡ ಕೂತು, ಹಿಂದೆ ಕೀವು ಕಟ್ಟಿ, ನಂಜು ರಕ್ತಕ್ಕೆ ಏರಿತ್ತಂತೆ.

ಆಫೀಸಿನವರು ಹೇಳಿಕೆ ಕೇಳಿದರು. 'ಓಬಳಮ್ಮ ತನ್ನ ಕಾಯಿಲೆಯ ವಿಷಯ ನನಗೆ ಯಾವತ್ತೂ ತಿಳಿಸಿರಲಿಲ್ಲ' ಅಂತ ಬರೆದು ಸೈನ್ ಹಾಕಿದೆ. ಕೈ ನಡುಗಲಿಲ್ಲ. ಅದೇ ನನಗೆ ಈಗ ಹೆದರಿಕೆ.

ಮಾರ್ಚ್ 18, ಮಂಗಳವಾರ

1.5 ಲೀಟರ್. ಸಾಲದು.

ಹೊಸ ಟೈಲರ್ ಸೇರಿದಳು. ಮಾನಸಾ, ಇಪ್ಪತ್ತು ವರ್ಷ, ಗುಬ್ಬಿ ವ್ಯಾನ್. ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದಾಳೆ. ಎಲ್ಲಿ ಕೂರಲಿ ಅಂತ ಕೇಳಲಿಲ್ಲ, ಸೀದಾ ಹೋಗಿ ಹದಿನೇಳರಲ್ಲಿ ಕೂತಳು. 'ಅದು ಬೇಡಮ್ಮ' ಅಂದೆ. 'ನಮ್ಮಮ್ಮ ಕೂತಿದ್ ಮೆಷಿನ್ ಮೇಡಂ' ಅಂದಳು.

ಕಾಲರ್ ತಿರುಗಿಸುವಾಗ ತಲೆ ಎಡಕ್ಕೆ ವಾಲಿಸುತ್ತಾಳೆ, ಅವಳಮ್ಮನೂ ಹಾಗೇ ಮಾಡುತ್ತಿದ್ದಳು. ಮಧ್ಯಾಹ್ನದ ಮೇಲೆ ಆ ಕಡೆ ಹೋಗಲಿಲ್ಲ.

ಮಾರ್ಚ್ 25, ಮಂಗಳವಾರ. ಸಂಜೆ

ಊಟದ ಹೊತ್ತಿನಲ್ಲಿ ಮಾನಸಾ ಡಬ್ಬಿ ಹಿಡಿದು ನನ್ನ ಎದುರಿಗೇ ಬಂದು ಕೂತಳು.

'ಮೇಡಂ, ಒಂದ್ ಮಾತು. ಅಮ್ಮ ನಿಮ್ಗೇನಾದ್ರೂ ಹೇಳಿದ್ಲಾ? ಹುಷಾರಿಲ್ಲ ಅಂತ?'

ನಾನು ಅನ್ನ ಕಲಸುತ್ತಲೇ ಇದ್ದೆ.

'ಆ ವಾರ ನಂಗೆ ಎಕ್ಸಾಮು. ನಾನು ರೂಮಲ್ಲಿ ಓದ್ಕೊಳ್ತಿದ್ದೆ, ಅವ್ಳು ಅಡುಗೆಮನೇಲಿ ಮಲ್ಗಿದ್ಲು. ಸುಸ್ತು ಅಂದ್ಕೊಂಡೆ. ಯಾರ್ಗೂ ಹೇಳ್ಲಿಲ್ಲ ಅಂತ ಇಲ್ಲಿ ಪೇಪರ್ ತೋರ್ಸಿದ್ರು. ಯಾರ್ಗೂ ಹೇಳ್ದಿದ್ದನ್ನ ಮಗಳಾದೋಳು ನೋಡ್ಬೇಕಿತ್ತು ಅಂತ ಅಜ್ಜಿ ನನ್ನ ಮಾತಾಡ್ಸಲ್ಲ ಮೇಡಂ. ನಾನ್ ಬಡಿಸಿದ್ರೆ ಉಣ್ಣಲ್ಲ. ಏಳ್ ತಿಂಗಳಾಯ್ತು.'

ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು.

'ಇಲ್ಲಮ್ಮ, ನಂಗೇನೂ ಹೇಳಿರ್ಲಿಲ್ಲ' ಅಂದೆ.

ತಲೆಯಾಡಿಸಿದಳು. ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ನಾನು ಎಂಥ ಹೆಂಗಸು.

ಏಪ್ರಿಲ್ 4, ಶುಕ್ರವಾರ

ಯುಗಾದಿ ಆಯಿತು. ಹತ್ತು ದಿನ ಬರೆಯಲಿಲ್ಲ. ನೀರು ಕುಡಿದಿದ್ದೇನೆ, ಕಲ್ಲು ಬಿದ್ದಿಲ್ಲ. ಓಬಳಮ್ಮ ಈಗ ಬಾಗಿಲ ಆಚೆ ನಿಲ್ಲುವುದಿಲ್ಲ, ಒಳಗೇ ಬರುತ್ತಾಳೆ. ಏನೂ ಕೇಳುವುದಿಲ್ಲ. ಬೈದಿದ್ದರೆ ವಾಸಿಯಿತ್ತು.

ಇವತ್ತು ಟೋಕನ್ ಮೊಳೆಯಿಂದ ತೆಗೆದು ಕಸದ ಡಬ್ಬಿಗೆ ಹಾಕಿದೆ. ಯಾರಿಗೆ ಬೇಕೋ ಎದ್ದು ಹೋಗಿ ಅಂದೆ. ಹೆಂಗಸರು ನಂಬಲಿಲ್ಲ, ಸಂಜೆಯವರೆಗೆ ಬೆರಳು ಎತ್ತುತ್ತಲೇ ಇದ್ದರು. ಮ್ಯಾನೇಜರ್ ಕರೆಸಿದರು. 'ನಿಮ್ದೇ ಸಿಸ್ಟಮ್ ಅಲ್ವಾ ಶಶಿಕಲಾ? ಎಲ್ಲಾ ಲೈನ್‌ಗೂ ಅದೇ ಹಾಕಿದೀವಲ್ಲ.' ಉಳಿದ ಐದು ಲೈನ್‌ಗಳನ್ನು ನಾನು ಮರೆತೇಬಿಟ್ಟಿದ್ದೆ.

ಏಪ್ರಿಲ್ 10, ಗುರುವಾರ. ಬೆಳಿಗ್ಗೆ 10. ಆಸ್ಪತ್ರೆ

ಬಲಗೈಗೆ ಡ್ರಿಪ್, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದೆ.

ಮಂಗಳವಾರ ಮಧ್ಯಾಹ್ನ ಲೈನ್‌ನಲ್ಲಿ ಚಳಿ ಹತ್ತಿತು. ಏಪ್ರಿಲ್ ಬಿಸಿಲಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಡಾಕ್ಟರ್ ಹೇಳಿದ್ದು ನೆನಪಿತ್ತು, ಆದರೂ ಐದು ಗಂಟೆಗೆ ಹೋಗೋಣ, ಈ ಬಂಡಲ್ ಮುಗಿಯಲಿ ಅಂದುಕೊಂಡೆ. ನನ್ನ ವಿಷಯದಲ್ಲೂ ಅದೇ ಬುದ್ಧಿ. ಮಾನಸಾ ಎದ್ದು ಬಂದು ಕೈ ಮುಟ್ಟಿದಳು. 'ಮೇಡಂ, ಮೈ ಸುಡ್ತಾ ಇದೆ ನಿಮ್ದು. ನಡೀರಿ.' ಪರವಾಗಿಲ್ಲ, ಹೋಗಿ ಕೆಲಸ ಮಾಡು ಅಂದೆ. 'ಇನ್ನೊಂದ್ ಸಲ ನಾನ್ ಸುಮ್ನಿರಲ್ಲ' ಅಂತ ಆಟೋ ತರಿಸಿ, ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಇಲ್ಲಿಗೆ ತಂದಳು. ಸಂಜೆಯೇ ಮೂತ್ರನಾಳಕ್ಕೆ ಸ್ಟೆಂಟ್ ಅನ್ನುವ ಕೊಳವೆ ಹಾಕಿದರು. ಕಲ್ಲಿನ ಹಿಂದೆ ಕೀವು ಕಟ್ಟಿತ್ತು. ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್.

ನಿನ್ನೆಯೆಲ್ಲ ಅಳು. ಬದುಕಿದೆ ಅಂತ ಅಲ್ಲ.

ಅದೇ ದಿನ, ಸಂಜೆ 4

ಮಾನಸಾ ಬಂದಿದ್ದಾಳೆ. ನಮ್ಮನೆಯವರನ್ನು ಟೀಗೆ ಕಳಿಸಿದೆ. ಹೇಳಿದೆ.

'ಅಮ್ಮ ಹೇಳಿದ್ಲು ಮಾನಸಾ. ಗುರುವಾರ ಹೇಳಿದ್ಲು, ಶುಕ್ರವಾರ ಹೇಳಿದ್ಲು. ಶನಿವಾರ ಬೆರಳು ಎತ್ತಿದ್ಲು, ನಾನು ಬಿಡ್ಲಿಲ್ಲ. ಪೇಪರಲ್ಲಿ ಬರ್ದಿದ್ದು ಸುಳ್ಳು. ಮೊನ್ನೆ ನಿನ್ ಹತ್ರ ಹೇಳಿದ್ದೂ ಸುಳ್ಳು.'

ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. 'ಮತ್ತೆ ಆ ಶನಿವಾರ ಸಾಯಂಕಾಲ ಏನಂದ್ಲು?' ಅಂದಳು. ಈ ಪುಸ್ತಕ ತೋರಿಸಿ, ಎಲ್ಲ ಇದರಲ್ಲಿದೆ, ಅದೊಂದು ಇಲ್ಲ ಅಂದೆ.

'ಅದ್ನೂ ಬರೀರಿ. ಬರ್ದು ನಂಗ್ ಕೊಡಿ. ಅಜ್ಜಿಗೆ ಓದಿ ಹೇಳ್ಬೇಕು.'

ಪಕ್ಕದಲ್ಲೇ ನಿಂತಿದ್ದಾಳೆ. ಅವಸರ ಮಾಡುತ್ತಿಲ್ಲ. ಬರೆಯುತ್ತೇನೆ.

ಆ ಶನಿವಾರ ನಾಲ್ಕೂವರೆಗೆ ಓಬಳಮ್ಮನ ಮೆಷಿನ್ ಹತ್ತಿರ ಹೋದೆ. ಮುಖ ಬೆವರಿನಲ್ಲಿ ಒದ್ದೆಯಾಗಿತ್ತು. ಇನ್ನೊಂದು ಗಂಟೆ ಅಷ್ಟೇ ಕಣೇ, ಆಮೇಲೆ ಹೋಗು ಅಂದೆ. 'ಪರವಾಗಿಲ್ಲ ಬುಡಿ ಮೇಡಂ, ತಡ್ಕತೀನಿ' ಅಂದಳು. ನಾನು ಥ್ಯಾಂಕ್ಸ್ ಅಂದೆ. ಅವಳು ನಕ್ಕಳು. ಆಮೇಲೆ ನಾನು ಮುಂದಿನ ಮೆಷಿನ್ ಕಡೆ ತಿರುಗಿಕೊಂಡು ಹೋದೆ, ಅವಳ ಬಾಟಲಿ ತುಂಬಿದ ಹಾಗೇ ಇತ್ತು.